‘ಮೊಘಲ್-ಎ-ಆಜಂ’: ಇತಿಹಾಸವೆಷ್ಟು, ನಾಟಕವೆಷ್ಟು?

1960ರ ಆಗಸ್ಟ್ 5ರಂದು ಮುಂಬಯಿ ಸೆಂಟ್ರಲಿನ ಬಳಿಯ ಮರಾಠಾ ಮಂದಿರ ಚಿತ್ರಗೃಹದಲ್ಲಿ ‘ಮೊಘಲ್-ಎ-ಆಜಂ’ ತೆರೆಕಂಡಿತು. ಚಿತ್ರದ ಸುರುಳಿಗಳನ್ನು ಸಿಂಗರಿಸಿದ ಆನೆಯ ಮೇಲೆ ಹೇರಿಕೊಂಡು ತಂದರು. ಟಿಕೇಟಿಗಾಗಿ ಜನ ದಿನಗಟ್ಟಲೆ ಸಾಲಿನಲ್ಲಿ ನಿಂತರು. ಮನೆಯವರು ಬುತ್ತಿ ತಂದುಕೊಟ್ಟರು. ಆ ಸಾಲಿನಲ್ಲಿ ನಮ್ಮವರೂ ಇದ್ದರು. ಹಗಲು ಹೊಟೆಲಿನಲ್ಲಿ ದುಡಿದು ರಾತ್ರಿಶಾಲೆಗೆ ಹೋಗುತ್ತಿದ್ದ ಹುಡುಗರು, ಕೋಟೆಯ ಕಚೇರಿಗಳ ಗುಮಾಸ್ತರು, ಚಾಳುಗಳಲ್ಲಿ ಸಂಸಾರ ಹೂಡಿದ್ದವರು. ಹಲವರಿಗೆ ಹಿಂದಿಯೇ ಅರೆಬರೆ. ಚಿತ್ರದ ದರ್ಬಾರಿ ಉರ್ದುವಂತೂ ತಲೆಯ ಮೇಲೆಯೇ ಹಾದುಹೋಗಬೇಕು. ಆದರೂ ಎರಡೆರಡು ಸಲ ನೋಡಿ ಬಂದರು. ಅವರನ್ನು ಮೂರು ಗಂಟೆಗೂ ಮಿಕ್ಕಿ ಅಲ್ಲಾಡದಂತೆ ಕೂರಿಸಿದ್ದು ಯಾವುದು?

ವೈಭವವೆಂದು ಯಾರಾದರೂ ಹೇಳಿಯಾರು. ಅದು ಸುಳ್ಳೂ ಅಲ್ಲ. ನಿರ್ದೇಶಕ ಕೆ. ಆಸಿಫ್ ಈ ಕತೆಯನ್ನು 1940ರ ದಶಕದಲ್ಲಿಯೇ ಕೈಗೆತ್ತಿಕೊಂಡಿದ್ದರು. ದೇಶ ವಿಭಜನೆಯಾಗಿ ಹಣ ಹೂಡಿದವರು ಪಾಕಿಸ್ತಾನಕ್ಕೆ ಹೋದರು. ಅಕ್ಬರನ ಪಾತ್ರಕ್ಕೆ ಆರಿಸಿದ್ದ ಚಂದ್ರಮೋಹನ್ 1949ರಲ್ಲಿ ತೀರಿಕೊಂಡರು. ಕಟ್ಟಡ ಕಟ್ಟುವುದರಲ್ಲಿ ಹೆಸರಾಗಿದ್ದ ಶಾಪೂರ್ಜಿ ಪಲ್ಲೋಂಜಿಯವರು ಹಣಕ್ಕೆ ನಿಂತ ಮೇಲೆ ಪೃಥ್ವೀರಾಜ ಕಪೂರ್, ದಿಲೀಪ್ ಕುಮಾರ್, ಮಧುಬಾಲಾ ಇವರನ್ನಿಟ್ಟುಕೊಂಡು ಹೊಸದಾಗಿ ಆರಂಭವಾಯಿತು. ಮುಗಿಯುವ ಹೊತ್ತಿಗೆ ಖರ್ಚು ಕೋಟಿ ರೂಪಾಯಿ ದಾಟಿತ್ತು. ಅಂಧೇರಿಯ ಮೋಹನ್ ಸ್ಟುಡಿಯೋದಲ್ಲಿ ಎದ್ದ ಶೀಶಮಹಲಿನ ಉದ್ದ 150 ಅಡಿ, ಅಗಲ 80 ಅಡಿ, ಎತ್ತರ 35 ಅಡಿ. ಬೆಲ್ಜಿಯಂ ಗಾಜಿನ ಆ ಮಹಲು ಮುಗಿಯಲು ಎರಡು ವರ್ಷ ಹಿಡಿಯಿತು. ದೀಪ ಹಚ್ಚಿದರೆ ಸಾವಿರ ಕನ್ನಡಿಗಳೂ ಉರಿದು ಛಾಯಾಗ್ರಹಣವೇ ಸಾಧ್ಯವಿಲ್ಲವೆಂಬಂತಾಗಿತ್ತು. ಆರ್. ಡಿ. ಮಾಥುರರು ಬೆಳಕನ್ನು ನೇರವಾಗಿ ಬೀಳಗೊಡದೆ ಪ್ರತಿಫಲಿಸಿ ಆ ತೊಡಕನ್ನು ಬಿಡಿಸಿದರು. ಕಪ್ಪು ಬಿಳುಪಿನ ಚಿತ್ರದ ನಡುವೆ ಆ ಹಾಡು ಒಮ್ಮೆಲೇ ಬಣ್ಣದಲ್ಲಿ ಅರಳಿ, ಮಧುಬಾಲಾಳ ಬಿಂಬ ಛಾವಣಿಯ ಕನ್ನಡಿ ಕನ್ನಡಿಯಲ್ಲಿಯೂ ಮೂಡಿದಾಗ ಮಂದಿರವೆಲ್ಲ ಉಸಿರು ಬಿಗಿಹಿಡಿಯುತ್ತಿತ್ತು. ಆ ನಟಿ ಹೃದ್ರೋಗದಿಂದ ಬಳಲುತ್ತಲೇ ನಿಜವಾದ ಭಾರದ ಸರಪಳಿಗಳನ್ನು ಹೊತ್ತು ನಟಿಸಿದರೆಂಬುದು ನಮ್ಮವರಿಗೆ ತಿಳಿದದ್ದು ಬಹಳ ಕಾಲದ ಮೇಲೆ. 1969ರಲ್ಲಿ, 36ನೆಯ ವಯಸ್ಸಿಗೆ, ಅವರು ತೀರಿಹೋದರು.

ಆದರೆ ಗಾಜು ಎಷ್ಟೆಂದರೂ ಗಾಜು. ಜನರನ್ನು ಹಿಡಿದು ನಿಲ್ಲಿಸಿದ್ದು ಕತೆ. ಆ ಕತೆಯಲ್ಲಿ ನಿಜವೆಷ್ಟೆಂದು ನೋಡಹೋದರೆ ಸ್ವಾರಸ್ಯವಾದ ಸಂಗತಿಯೊಂದು ಹೊರಬೀಳುತ್ತದೆ.

ಅನಾರ್ಕಲಿಯ ಹೆಸರು ಅಬುಲ್ ಫಜಲನ ‘ಅಕ್ಬರನಾಮೆ’ಯಲ್ಲಿಲ್ಲ, ಸಲೀಮನು ಜಹಾಂಗೀರನಾಗಿ ತಾನೇ ಬರೆದ ಆತ್ಮಚರಿತ್ರೆಯಲ್ಲಿಯೂ ಇಲ್ಲ. ಲಾಹೋರಿನಲ್ಲಿ ಅವಳದೆನ್ನುವ ಸಮಾಧಿಯೊಂದುಂಟು. 1611ರಲ್ಲಿ ಅಲ್ಲಿಗೆ ಬಂದ ವಿಲಿಯಂ ಫಿಂಚ್ ಎಂಬ ಆಂಗ್ಲ ವರ್ತಕ ಕೇಳಿದ್ದನ್ನು ಬರೆದಿಟ್ಟ. ಅಲ್ಲಿಂದ ಬಾಯಿಂದ ಬಾಯಿಗೆ ಬೆಳೆದ ಕತೆಗೆ 1922ರಲ್ಲಿ ಇಮ್ತಿಯಾಜ್ ಅಲಿ ತಾಜ್ ಉರ್ದುವಿನಲ್ಲಿ ನಾಟಕದ ರೂಪ ಕೊಟ್ಟರು. ಚಿತ್ರದ ಜೋಧಾಬಾಯಿಯ ಹೆಸರೂ ಅಷ್ಟೇ. ಸಲೀಮನ ತಾಯಿ ಆಂಬೇರದ ರಾಜಪುತ್ರಿ; ಜೋಧಪುರದವಳು ಅವನ ಹೆಂಡತಿ, ಶಹಜಹಾನನ ತಾಯಿ.

ಹಾಗಾದರೆ ನಿಜವಾದದ್ದು ಏನು? ತಂದೆ ನಿಜ. ಹುಟ್ಟಿದ ಮಕ್ಕಳು ಉಳಿಯದೆ ಕೊರಗುತ್ತಿದ್ದ ಅಕ್ಬರನು ಸಿಕ್ರಿಯ ಶೇಖ್ ಸಲೀಂ ಚಿಶ್ತಿಯವರ ಮೊರೆಹೊಕ್ಕದ್ದು ನಿಜ. 1569ರಲ್ಲಿ ಹುಟ್ಟಿದ ಮಗನಿಗೆ ಅವರದೇ ಹೆಸರಿಟ್ಟದ್ದು, ಮರುವರ್ಷ ಹರಕೆ ತೀರಿಸಲು ಆಗ್ರಾದಿಂದ ಅಜ್ಮೀರಕ್ಕೆ ಕಾಲ್ನಡೆಯಲ್ಲಿ ಹೋದದ್ದು ನಿಜ. ಹರಕೆ ಹೊತ್ತು ಪಡೆದ ಆ ಮಗ ತಂದೆಯ ಮೇಲೆ ದಂಗೆಯೆದ್ದದ್ದೂ ನಿಜವೇ, ಆದರೆ ಹೆಣ್ಣಿಗಾಗಿ ಅಲ್ಲ, ಗದ್ದುಗೆಗಾಗಿ. 1600ರ ಸುಮಾರಿಗೆ ಅಲಹಾಬಾದಿನಲ್ಲಿ ಬೇರೆ ದರ್ಬಾರು ಹೂಡಿದ. 1602ರಲ್ಲಿ ತಂದೆಯ ಪ್ರಾಣಮಿತ್ರನಾದ ಅಬುಲ್ ಫಜಲನನ್ನೇ ಕೊಲ್ಲಿಸಿದ. ಮುರಾದ್ ಮತ್ತು ದಾನಿಯಾಲ್ ಇಬ್ಬರೂ ಕುಡಿತದಿಂದ ತಂದೆಗಿಂತ ಮೊದಲೇ ಸತ್ತರು. 1605ರಲ್ಲಿ ಅಕ್ಬರನು ಕಣ್ಣು ಮುಚ್ಚುವಾಗ ಉಳಿದಿದ್ದ ಮಗ ಆ ಸಲೀಮನೊಬ್ಬನೇ. ಅವನಿಗೇ ರಾಜ್ಯ ಹೋಯಿತು.

ಹೀಗೆ ಪ್ರೇಮ ಕಲ್ಪಿತ, ತಂದೆಯ ಸಂಕಟ ವಾಸ್ತವ. ಆಸಿಫರು ಕತೆಯನ್ನು ಆರಂಭಿಸಿದ್ದೂ ಬಿಸಿ ಮರಳಿನ ಮೇಲೆ ಬರಿಗಾಲಲ್ಲಿ ನಡೆಯುವ ಚಕ್ರವರ್ತಿಯಿಂದಲೇ. ಕೊನೆಗೆ ಅನಾರ್ಕಲಿಯನ್ನು ಗೋಡೆಯಲ್ಲಿಟ್ಟು ಕಟ್ಟಿದಂತೆ ಲೋಕಕ್ಕೆ ತೋರಿಸಿ, ಅವಳ ತಾಯಿಗೆ ಹಿಂದೊಮ್ಮೆ ಕೊಟ್ಟ ಮಾತಿಗಾಗಿ ಸುರಂಗದ ದಾರಿಯಿಂದ ಅವಳನ್ನು ಬಿಟ್ಟುಕೊಡುವವನೂ ಅವನೇ. ಮಗನಿಗೆ ಮಾತ್ರ ಅದು ತಿಳಿಯುವುದೇ ಇಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದ ರಾಜನ ಸಂಕಟ ಹರಿಶ್ಚಂದ್ರನ ನಾಟಕ ನೋಡಿದವರಿಗೆ ಹೊಸದೇನು?

ನಮ್ಮವರಿಗೆ ಉರ್ದು ತಡೆಯಾಗದ ಗುಟ್ಟು ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಅವರು ಕಂಪನಿ ನಾಟಕ ನೋಡಿ ಬೆಳೆದ ಜನ. ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ಆನೆ ಕುದುರೆಗಳು ಬಂದದ್ದನ್ನು ಕಂಡವರು, ಕಂಡವರ ಬಾಯಿಂದ ಕೇಳಿದವರು. ಪೃಥ್ವೀರಾಜರೂ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದ ರಂಗನಟರೇ. ಅವರ ಗಂಟಲು ಏರುವಾಗ, ಹುಬ್ಬು ಗಂಟಿಕ್ಕುವಾಗ ಅರ್ಥ ಹೇಳುವವರು ಬೇಕಾಗಲಿಲ್ಲ.

ಅದೇ 1960ರಲ್ಲಿ ಕನ್ನಡದಲ್ಲಿ ‘ರಣಧೀರ ಕಂಠೀರವ’ ಬಂತು. 1638ರಿಂದ 1659ರವರೆಗೆ ಮೈಸೂರನ್ನಾಳಿದ ಕಂಠೀರವ ನರಸರಾಜ ಒಡೆಯರ ಕತೆ. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಮೊದಲಾದ ಕಲಾವಿದರೇ ಸಂಘ ಕಟ್ಟಿಕೊಂಡು ತೆಗೆದ ಚಿತ್ರವದು. ಶಾಪೂರ್ಜಿಯವರ ಭಂಡಾರ ಅವರ ಬೆನ್ನಿಗಿರಲಿಲ್ಲ. ಪರಸ್ಥಳದಲ್ಲಿ ಹುಟ್ಟಿದ ನಮ್ಮ ಮಕ್ಕಳು ಸಲೀಮನನ್ನು ಬಲ್ಲರು, ಕಂಠೀರವನನ್ನರಿಯರು. ಅದು ಆಸಿಫರ ತಪ್ಪಲ್ಲ. ತೋರಿಸುವ ಕೆಲಸ ನಮ್ಮದಾಗಿತ್ತು. (ಅಂದಹಾಗೆ, ಗಳಿಕೆಯಲ್ಲಿ ‘ಮೊಘಲ್-ಎ-ಆಜಂ’ನ ದಾಖಲೆಯನ್ನು ಮುರಿದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ 1975ರ ‘ಶೋಲೆ’.)

2004ರ ನವೆಂಬರಿನಲ್ಲಿ ಚಿತ್ರಕ್ಕೆ ಪೂರ್ತಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ರಾಜ್ಯೋತ್ಸವದ ಓಡಾಟ ಮುಗಿಸಿ ನಾವು ಏಳೆಂಟು ಮಂದಿ ಹೋದೆವು. 1960ರಲ್ಲಿ ನಾವೆಲ್ಲ ಸಲೀಮನ ಪಕ್ಷ. ಅಕ್ಬರ ಬಂದರೆ ಹಲ್ಲು ಕಡಿಯುತ್ತಿದ್ದೆವು. ಈ ಸಲ ಕಣ್ಣು ತಾನಾಗಿಯೇ ಪೃಥ್ವೀರಾಜರ ಮುಖದ ಮೇಲೆ ನಿಂತಿತು. ನಮ್ಮ ಜೊತೆಗಿದ್ದ ಹಿರಿಯರೊಬ್ಬರು, ಪಂಜಾಬಿ ಹುಡುಗನನ್ನು ಮೆಚ್ಚಿದ ಮಗಳೊಡನೆ ಆರು ತಿಂಗಳಿಂದ ಮಾತು ಬಿಟ್ಟಿದ್ದವರು, ವಿರಾಮದಲ್ಲಿ ಚಹಾಕ್ಕೂ ಏಳಲಿಲ್ಲ. ಹಿಂದಿರುಗುವಾಗ ಲೋಕಲ್ ಗಾಡಿಯಲ್ಲಿ ದಾದರಿನವರೆಗೆ ಸುಮ್ಮನಿದ್ದು, ಆಮೇಲೆ ಹೆಂಡತಿಯ ಕಡೆ ತಿರುಗಿ, “ಆ ಹುಡುಗನ ಮನೆಯವರು ಯಾವತ್ತು ಬರ್ತೀವಿ ಅಂದಿದ್ರು?” ಎಂದು ಕೇಳಿದರು.