ಒಂದೇ ವೈಫೈ ರೂಟರ್ ಮನೆಯ ಎಲ್ಲ ಮೊಬೈಲ್‌ಗಳಿಗೂ ಇಂಟರ್ನೆಟ್ ಕೊಡುವುದು ಹೇಗೆ?

ಪಡಸಾಲೆಯ ಟಿವಿಯಲ್ಲಿ ಸಿನಿಮಾ, ಒಳಕೋಣೆಯಲ್ಲಿ ಆನ್‌ಲೈನ್ ತರಗತಿ, ಮಾಳಿಗೆಯ ಮೇಲೆ ವಿಡಿಯೋ ಕರೆ. ತರಗತಿ ನಡುನಡುವೆ ನಿಂತರೆ ಮನೆಯಲ್ಲಿ ಕೇಳಿಬರುವ ಮೊದಲ ಮಾತು: "ಮೊಬೈಲ್ ಜಾಸ್ತಿ ಆಗ್ಯಾವು, ದೊಡ್ಡ ಪ್ಲಾನ್ ಹಾಕಿಸ್ಬೇಕು." ಇದು ನಿಜವೇ?

ಎಲ್ಲರಿಗೂ ಒಟ್ಟಿಗೆ ಅಲ್ಲ, ಪಾಳಿಯಂತೆ

ಶಹಾಪುರ, ಸುರಪುರ ಭಾಗದ ರೈತರಿಗೆ ನಾರಾಯಣಪುರ ಎಡದಂಡೆ ಕಾಲುವೆಯ ವಾರಾಬಂದಿ ಗೊತ್ತಿದೆ. ಇರುವ ನೀರನ್ನು ಪಾಳಿಯ ಮೇಲೆ ಹಂಚುವ ಪದ್ಧತಿ ಅದು. ವೈಫೈ ಕೂಡ ಹೀಗೆಯೇ. ಒಂದು ಚಾನೆಲ್‌ನಲ್ಲಿ ಒಂದು ಕ್ಷಣಕ್ಕೆ ಸಾಮಾನ್ಯವಾಗಿ ಒಂದೇ ಸಾಧನ ಮಾತನಾಡುತ್ತದೆ. ಪ್ರತಿ ಸಾಧನವೂ ಮೊದಲು ಚಾನೆಲ್ ಖಾಲಿ ಇದೆಯೇ ಎಂದು ಆಲಿಸಿ, ಸ್ವಲ್ಪ ಕಾದು, ನಂತರ ತನ್ನ ಪ್ಯಾಕೆಟ್ ಕಳುಹಿಸುತ್ತದೆ. ಒಂದೊಂದು ಪಾಳಿ ಮುಗಿಯಲು ಕೆಲವೇ ಮಿಲಿಸೆಕೆಂಡ್ ಸಾಕು. ಆದ್ದರಿಂದ ಎಲ್ಲವೂ ಒಟ್ಟಿಗೆ ನಡೆದಂತೆ ನಮಗೆ ಕಾಣುತ್ತದೆ. ವೈಫೈ 6 ರೂಟರ್‌ಗಳು ಮಾತ್ರ ಒಂದೇ ಚಾನೆಲ್ ಅನ್ನು ಭಾಗ ಮಾಡಿ, ಅದಕ್ಕೆ ಹೊಂದುವ ಹಲವು ಸಾಧನಗಳಿಗೆ ಒಮ್ಮೆಗೇ ಕೊಡಬಲ್ಲವು.

ಒಬ್ಬರ ವಿಡಿಯೋ ಇನ್ನೊಬ್ಬರಿಗೆ ಹೋಗುವುದಿಲ್ಲವೇ?

ಇಲ್ಲ. ರೂಟರ್ ಪ್ರತಿ ಸಾಧನಕ್ಕೂ 192.168.1.5 ರಂತಹ ಒಂದು ಒಳ ವಿಳಾಸ ಕೊಡುತ್ತದೆ. ಯಾವ ಸಾಧನ ಏನು ಕೇಳಿತು ಎಂಬ ಪಟ್ಟಿ ಇಟ್ಟುಕೊಂಡು, ಉತ್ತರವನ್ನು ಅದಕ್ಕೇ ತಲುಪಿಸುತ್ತದೆ.

ಹಾಗಾದರೆ ನಿಧಾನ ಆಗುವುದೇಕೆ?

ಸುಮ್ಮನೆ ಜೋಡಣೆಯಾಗಿರುವ ಮೊಬೈಲ್ ಹೆಚ್ಚು ಸಮಯ ತಿನ್ನುವುದಿಲ್ಲ. ತೊಂದರೆ ಕೊಡುವುದು ದೂರದಲ್ಲಿ ಕುಳಿತು ವಿಡಿಯೋ ನೋಡುವ ಮೊಬೈಲ್. ಸಿಗ್ನಲ್ ಕ್ಷೀಣವಾದರೆ ಅದು ನಿಧಾನವಾಗಿ ಮಾತನಾಡುತ್ತದೆ. 54 ಎಂಬಿಪಿಎಸ್ ವೇಗದಲ್ಲಿ ಹೋಗುವ ದತ್ತಾಂಶಕ್ಕೆ 6 ಎಂಬಿಪಿಎಸ್‌ನಲ್ಲಿ ಸುಮಾರು 9 ಪಟ್ಟು ಸಮಯ ಬೇಕು. ಅಷ್ಟೂ ಹೊತ್ತು ಉಳಿದವರು ಕಾಯಬೇಕು. ಕಾಲುವೆಯಲ್ಲಿ ನಷ್ಟ ಕೊನೆಯ ಭಾಗದ ರೈತನಿಗೆ. ವೈಫೈನಲ್ಲಿ ಒಬ್ಬರು ದೂರವಿದ್ದರೆ ಹತ್ತಿರದವರಿಗೂ ನಷ್ಟ. ಯಾದಗಿರಿ ಕಡೆಯ ಹಳೆಯ ಮನೆಗಳ ದಪ್ಪ ಕಲ್ಲುಗೋಡೆಗಳಿದ್ದರೆ ಪಕ್ಕದ ಕೋಣೆಯೂ "ದೂರ"ವೇ.

ಏನು ಮಾಡಬಹುದು?

- ರೂಟರ್ ಅನ್ನು ಮನೆಯ ನಡುವೆ, ಎತ್ತರದಲ್ಲಿ ಇಡಿ. ಕಬ್ಬಿಣದ ಕಪಾಟಿನ ಹಿಂದೆ ಬೇಡ.
- ಹತ್ತಿರದ ಸಾಧನಗಳಿಗೆ 5 ಗಿಗಾಹರ್ಟ್ಸ್ ಬಳಸಿ. ಗೋಡೆ ದಾಟಬೇಕಾದಲ್ಲಿ 2.4 ಗಿಗಾಹರ್ಟ್ಸ್ ಮೇಲು.
- ಟಿವಿಗೆ ಕೇಬಲ್ ಜೋಡಿಸಿದರೆ ಅದರ ಪಾಳಿ ಉಳಿದವರಿಗೆ ಸಿಗುತ್ತದೆ.

ಹಣ ಕಟ್ಟುವ ಮುನ್ನ ಒಂದು ಪರೀಕ್ಷೆ ಮಾಡಿ. ಬೇರೆ ಸಾಧನಗಳ ವೈಫೈ ಆಫ್ ಮಾಡಿ, ರೂಟರ್ ಪಕ್ಕದಲ್ಲಿ ನಿಂತು ವೇಗ ನೋಡಿ. ನಂತರ ಒಳಕೋಣೆಯಲ್ಲಿ ನೋಡಿ. ಪಕ್ಕದಲ್ಲಿ ಚೆನ್ನಾಗಿದ್ದು ಕೋಣೆಯಲ್ಲಿ ಮಾತ್ರ ಕುಸಿದರೆ ದೊಡ್ಡ ಪ್ಲಾನ್‌ನಿಂದ ಪ್ರಯೋಜನವಿಲ್ಲ. ರೂಟರ್‌ನ ಜಾಗ ಬದಲಿಸಬೇಕು. ಪಕ್ಕದಲ್ಲಿಯೂ ನೀವು ಹಣ ಕೊಟ್ಟಷ್ಟು ವೇಗ ಸಿಗದಿದ್ದರೆ ಆಗ ಕಂಪನಿಗೆ ದೂರು ಕೊಡಿ. ಒಬ್ಬೊಬ್ಬರೇ ಬಳಸಿದಾಗ ಸರಿಯಿದ್ದು, ಎಲ್ಲರೂ ಹತ್ತಿರ ಕುಳಿತು ಬಳಸಿದಾಗ ಮಾತ್ರ ಸಾಲದಿದ್ದರೆ ದೊಡ್ಡ ಪ್ಲಾನ್ ಯೋಚಿಸಬಹುದು.