ಶಾಪದ ಲೆಕ್ಕಕ್ಕೆ ಸಿಗದ ವಂಶ

ತಲಕಾಡಿನ ಶಾಪದ ಕತೆ ಕೇಳಿದಾಗಲೆಲ್ಲ ನನಗೆ ‘ಮಕ್ಕಳು’ ಎಂಬ ಮಾತಿನ ಮೇಲೆಯೇ ಕಣ್ಣು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದ ಮೇಲೆ ಅಲಮೇಲಮ್ಮ ಮಾಲಂಗಿಯ ಮಡುವಿಗೆ ಹಾರುವ ಮುನ್ನ, ತಲಕಾಡು ಮರಳಲ್ಲಿ ಹೂಳಲೆಂದೂ ಮೈಸೂರು ದೊರೆಗಳಿಗೆ ಮಕ್ಕಳಾಗದಿರಲೆಂದೂ ಶಪಿಸಿದಳಂತೆ. ಮಕ್ಕಳೆಂದರೆ ಇಲ್ಲಿ ಪಟ್ಟಕ್ಕೆ ಬರುವ ಗಂಡುಮಕ್ಕಳು.

ನಮ್ಮ ಜೀವಕೋಶ ಇಟ್ಟುಕೊಂಡಿರುವ ವಂಶಾವಳಿ ಬೇರೆ. ಮೈಟೊಕಾಂಡ್ರಿಯಕ್ಕೆ ಎರಡು ಪೊರೆ. ಮಡಿಕೆಮಡಿಕೆಯಾದ ಒಳಪೊರೆಯಲ್ಲಿ, ಉಂಡ ಅನ್ನದ ಶಕ್ತಿ ಆಮ್ಲಜನಕದ ನೆರವಿನಿಂದ ಎಟಿಪಿ ಅಣುಗಳಲ್ಲಿ ಶೇಖರವಾಗುತ್ತದೆ. ಅದಕ್ಕೆ ಸ್ವಂತ ಡಿಎನ್‌ಎ ಉಂಟು, 37 ಜೀನುಗಳ ಪುಟ್ಟ ಉಂಗುರ. ವೀರ್ಯಾಣುವಿನ ಮೈಟೊಕಾಂಡ್ರಿಯಗಳು ಅಂಡದೊಳಗೆ ನಾಶವಾಗುವುದರಿಂದ ಉಂಗುರ ತಾಯಿಯಿಂದಲೇ ಬರಬೇಕು. ಮಗನಿಗೂ ಸಿಗುತ್ತದೆ, ಅವನಿಂದ ಮುಂದೆ ಸಾಗುವುದಿಲ್ಲ. ಯಾವ ರಾಜನೂ ಇದನ್ನು ಮಗನಿಗೆ ಕೊಟ್ಟಿಲ್ಲ!

2013ರಲ್ಲಿ ಶ್ರೀಕಂಠದತ್ತ ಒಡೆಯರ್ ಮಕ್ಕಳಿಲ್ಲದೆ ತೀರಿಕೊಂಡರು. 2015ರಲ್ಲಿ ಪ್ರಮೋದಾದೇವಿಯವರು ದತ್ತು ಪಡೆದ ಯದುವೀರ್, ಶ್ರೀಕಂಠದತ್ತರ ಅಕ್ಕ ಗಾಯತ್ರಿದೇವಿಯವರ ಮಗಳ ಮಗ. ಅಕ್ಕತಮ್ಮಂದಿರ ತಾಯಿ ತ್ರಿಪುರಸುಂದರಿ ಅಮ್ಮಣ್ಣಿ. ಅವರ ಉಂಗುರವೇ ಮಗಳು, ಮೊಮ್ಮಗಳನ್ನು ದಾಟಿ ಯದುವೀರರಿಗೆ ಇಳಿದಿದೆ. ಕಾಗದದಲ್ಲಿ ದತ್ತು, ಮೈಟೊಕಾಂಡ್ರಿಯದಲ್ಲಿ ಒಂದೇ ತಾಯಿಯ ಕುಡಿ. ಶಾಪ ಈ ದಾರಿಯನ್ನು ಮುಟ್ಟಿಯೇ ಇರಲಿಲ್ಲ.

2017ರಲ್ಲಿ ಯದುವೀರರಿಗೆ ಮಗ ಹುಟ್ಟಿದಾಗ ಶಾಪ ಕಳೆಯಿತೆಂಬ ಮಾತು ಎಲ್ಲೆಡೆ ಕೇಳಿಬಂತು. ಆ ಮಗುವಿನ ಉಂಗುರ ಮಾತ್ರ ರಾಜಸ್ಥಾನದ ಡುಂಗರ್‌ಪುರದಿಂದ ಸೊಸೆಯಾಗಿ ಬಂದ ತ್ರಿಷಿಕಾ ಕುಮಾರಿಯವರ ತಾಯಿಯ ಕಡೆಯದು.