ತೌಹೀದ್: ಇಸ್ಲಾಮಿನಲ್ಲಿ ಏಕದೇವತ್ವದ ವಿಚಾರ ಬೆಳೆದ ಬಗೆ

ದೇವರು ಒಬ್ಬನೇ, ಅವನಿಗೆ ಸರಿಸಾಟಿಯಿಲ್ಲ, ಸಹಭಾಗಿಗಳಿಲ್ಲ, ಆರಾಧನೆಗೆ ಅರ್ಹನಾದವನು ಅವನೊಬ್ಬನೇ ಎಂಬ ನಂಬಿಕೆಗೆ ಇಸ್ಲಾಮಿನಲ್ಲಿ ತೌಹೀದ್ ಎಂದು ಹೆಸರು. ದೇವರಿಗಷ್ಟೇ ಸಲ್ಲಬೇಕಾದುದನ್ನು ಬೇರೆಯವರಿಗೂ ಸಲ್ಲಿಸುವುದು ಶಿರ್ಕ್. ಅದು ಪಾಪಗಳಲ್ಲೆಲ್ಲ ದೊಡ್ಡದು. ಮುಸ್ಲಿಮರ ವಿಶ್ವಾಸವಚನವಾದ ಕಲಿಮಾದ ಮೊದಲರ್ಧ ತೌಹೀದಿನ ಸಾಕ್ಷ್ಯ. ಕುರ್‌ಆನಿನ 112ನೆಯ ಅಧ್ಯಾಯ ಅಲ್ ಇಖ್ಲಾಸ್ ಅದರ ಸಾರವನ್ನು ನಾಲ್ಕೇ ವಚನಗಳಲ್ಲಿ ಹೇಳುತ್ತದೆ. ದೇವರು ಒಬ್ಬನೇ ಎಂಬುದರಲ್ಲಿ ಮುಸ್ಲಿಮರಿಗೆ ಎಂದೂ ಭಿನ್ನಾಭಿಪ್ರಾಯವಿರಲಿಲ್ಲ. ಆ ಮಾತಿನಿಂದ ಏನೇನು ಹೊರಡುತ್ತದೆ ಎಂಬ ಚರ್ಚೆ ಮಾತ್ರ ಹದಿಮೂರು ಶತಮಾನಗಳಿಂದ ನಡೆದುಬಂದಿದೆ. ಇಸ್ಲಾಮೀ ಚಿಂತನೆಯ ಬಹುಪಾಲು ಹುಟ್ಟಿದ್ದೇ ಆ ಚರ್ಚೆಯಲ್ಲಿ.

ಏಳನೆಯ ಶತಮಾನದ ಮಕ್ಕಾದ ಜನ ಅಲ್ಲಾಹನನ್ನು ಅರಿಯದವರಲ್ಲ. ಭೂಮ್ಯಾಕಾಶಗಳನ್ನು ಸೃಷ್ಟಿಸಿದವನು ಅವನೆಂದು ಅವರೂ ಒಪ್ಪುತ್ತಿದ್ದರೆಂದು ಕುರ್‌ಆನೇ ಹೇಳುತ್ತದೆ. ಆದರೆ ಲಾತ್, ಉಝ್ಝಾ, ಮನಾತ್ ಮೊದಲಾದ ದೇವತೆಗಳು ತಮ್ಮ ಪರವಾಗಿ ಅವನಲ್ಲಿ ಶಿಫಾರಸು ಮಾಡುತ್ತಾರೆಂದು ನಂಬಿ ಅವರಿಗೆ ಬಲಿ, ಹರಕೆ ಸಲ್ಲಿಸುತ್ತಿದ್ದರು. ಅರೇಬಿಯಾಕ್ಕೆ ಏಕದೇವರ ಕಲ್ಪನೆಯೂ ಹೊಸದಾಗಿರಲಿಲ್ಲ. ಯಹೂದಿಗಳೂ ಕ್ರೈಸ್ತರೂ ಅಲ್ಲಿ ನೆಲೆಸಿದ್ದರು. ಯಮನ್‌ನ ಹಿಮ್ಯರ್ ರಾಜ್ಯದ ಶಾಸನಗಳಲ್ಲಿ ನಾಲ್ಕನೆಯ ಶತಮಾನದ ಕೊನೆಗೇ ಹಳೆಯ ದೇವತೆಗಳ ಹೆಸರು ಮರೆಯಾಗಿದ್ದವು. ಪ್ರವಾದಿ ಮುಹಮ್ಮದರು 610ರ ಸುಮಾರಿನಿಂದ ಸಾರಿದ ಸಂದೇಶದ ಕಸುವು ಇದ್ದದ್ದು ಮಧ್ಯವರ್ತಿ ದೇವತೆಗಳನ್ನು ಪೂರ್ತಿ ಕೈಬಿಡಬೇಕೆಂಬ ಪಟ್ಟಿನಲ್ಲಿ. 630ರಲ್ಲಿ ಮಕ್ಕಾ ವಶವಾದಾಗ ಕಅಬಾದಲ್ಲಿದ್ದ ವಿಗ್ರಹಗಳನ್ನು ತೆಗೆಸಲಾಯಿತು.

ಈ ನಂಬಿಕೆ ಸಾಮ್ರಾಜ್ಯದ ಗುರುತಾದದ್ದು ಉಮಯ್ಯದ್ ಖಲೀಫ ಅಬ್ದುಲ್ ಮಲಿಕ್‌ನ ಕಾಲದಲ್ಲಿ. ಜೆರುಸಲೇಮಿನಲ್ಲಿ ಅವನು ಕಟ್ಟಿಸಿದ ಕುಬ್ಬತುಸ್ಸಖ್ರಾ ಭವನದ ಮೇಲೆ ಹಿಜರಿ 72ನೆಯ ವರ್ಷದ (ಕ್ರಿ.ಶ. 691–92) ಶಾಸನವಿದೆ. ದೇವರಿಗೆ ಮಗನಿಲ್ಲ ಎಂಬ ಮಾತನ್ನು ಅದು ಕ್ರೈಸ್ತರನ್ನೇ ಉದ್ದೇಶಿಸಿ ಹೇಳುತ್ತದೆ. ಇನ್ನೂ ಸ್ಪಷ್ಟ ಸಾಕ್ಷ್ಯ ನಾಣ್ಯಗಳದು. ಮೊದಮೊದಲು ಬೈಜಾಂಟಿಯಮ್ ನಾಣ್ಯಗಳ ಮಾದರಿಯಲ್ಲಿ, ನಿಂತ ಖಲೀಫನ ಚಿತ್ರದೊಂದಿಗೆ ದಿನಾರ್ ಅಚ್ಚಾಗುತ್ತಿತ್ತು. ಹಿಜರಿ 77ರಲ್ಲಿ ಚಿತ್ರ ಪೂರ್ತಿ ಹೋಯಿತು. ನಾಲ್ಕೂಕಾಲು ಗ್ರಾಂ ತೂಕದ ಆ ಚಿನ್ನದ ಬಿಲ್ಲೆಯ ಎರಡೂ ಮುಖಗಳಲ್ಲಿ ಈಗ ಬರೀ ಅಕ್ಷರ: ಒಂದರ ನಡುವೆ ಏಕದೇವನ ಸಾಕ್ಷ್ಯ, ಇನ್ನೊಂದರ ನಡುವೆ ಅಲ್ ಇಖ್ಲಾಸ್‌ನ ಮಾತುಗಳು. ದೊರೆಯ ಹೆಸರು ಕೂಡ ಅದರಲ್ಲಿಲ್ಲ.

ತಾತ್ತ್ವಿಕ ಜಗಳ ಶುರುವಾದದ್ದು ಇರಾಕಿನಲ್ಲಿ. ದೇವರು ಬಲ್ಲವನು, ಶಕ್ತ, ಕೇಳುವವನು ಎಂದು ಕುರ್‌ಆನ್ ವರ್ಣಿಸುತ್ತದೆ. ಈ ಗುಣಗಳು ಅವನಷ್ಟೇ ಅನಾದಿಯೆಂದು ಬೇರೆಯಾಗಿ ಎಣಿಸಿದರೆ ಅನಾದಿಯಾದವು ಹಲವು ಆಗುವುದಿಲ್ಲವೇ ಎಂದು ಕೇಳಿದವರು ಮುಅತಝಿಲಾ ಪಂಥದವರು. ಬಸ್ರಾದ ವಾಸಿಲ್ ಇಬ್ನ್ ಅತಾನಿಂದ (ಮರಣ 748) ಮೊದಲಾದ ಈ ಪಂಥದವರು ತಮ್ಮನ್ನು ನ್ಯಾಯ ಮತ್ತು ತೌಹೀದಿನ ಪಕ್ಷದವರೆಂದೇ ಕರೆದುಕೊಂಡರು. ದೇವರ ಮಾತಾದ ಕುರ್‌ಆನ್ ಕೂಡ ಅನಾದಿಯಲ್ಲ, ಸೃಷ್ಟವಾದದ್ದು ಎಂಬುದು ಅವರ ವಾದದ ತಾರ್ಕಿಕ ಕೊನೆ. 833ರಲ್ಲಿ ಖಲೀಫ ಅಲ್ ಮಾಮೂನ್ ಈ ಮಾತನ್ನು ವಿದ್ವಾಂಸರೆಲ್ಲ ಒಪ್ಪಬೇಕೆಂದು ವಿಚಾರಣೆಗೆ ತೊಡಗಿದ. ಬಗ್ದಾದಿನ ಅಹ್ಮದ್ ಇಬ್ನ್ ಹಂಬಲ್ ಒಪ್ಪಲಿಲ್ಲ. ಸೆರೆಮನೆ, ಛಡಿಯೇಟು ಎರಡನ್ನೂ ಅನುಭವಿಸಿದರೂ ಅವರು ತಮ್ಮ ಮಾತಿನಿಂದ ಕದಲಲಿಲ್ಲ. ಏಕತ್ವವನ್ನು ತರ್ಕಶುದ್ಧವಾಗಿ ಕಾಯಲು ಹೊರಟವರು ದಂಡಶಕ್ತಿಗೆ ಕೈಯೊಡ್ಡಿದ್ದು ಈ ಇತಿಹಾಸದ ಅತ್ಯಂತ ನೋವಿನ ಘಟ್ಟ. ಮುಂದೆ ಅಲ್ ಅಶ್‌ಅರಿಯೂ ಸಮರ್‌ಕಂದಿನ ಅಲ್ ಮಾತುರೀದಿಯೂ (ಮರಣ 944) ನಡುದಾರಿ ಹಿಡಿದರು. ಗುಣಗಳು ನಿಜ, ಅವು ದೇವರೇ ಅಲ್ಲ, ದೇವರಿಗೆ ಹೊರತೂ ಅಲ್ಲ ಎಂಬ ಅಶ್‌ಅರಿ ನಿಲುವು ಸುನ್ನಿ ಲೋಕದ ದೊಡ್ಡ ಭಾಗಕ್ಕೆ ಮಾನ್ಯವಾಯಿತು.

ತತ್ತ್ವಜ್ಞಾನಿ ಇಬ್ನ್ ಸೀನಾ (980–1037) ದೇವರನ್ನು ಇರಲೇಬೇಕಾದ ಅಸ್ತಿತ್ವವೆಂದು ಕರೆದು, ಅಂಥದ್ದು ಎರಡಿರಲು ಸಾಧ್ಯವಿಲ್ಲವೆಂದು ತರ್ಕದಿಂದ ಸಾಧಿಸಿದ.

ಎಲ್ಲಕ್ಕಿಂತ ಆಳವಾದ ವಿವರಣೆ ಅಲ್ ಗಝಾಲಿಯದು (1058–1111). 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಅವನು ತೌಹೀದನ್ನು ಅಕ್ರೋಟಿಗೆ ಹೋಲಿಸಿ ನಾಲ್ಕು ಮಜಲು ಮಾಡುತ್ತಾನೆ. ನಾಲಿಗೆ ನುಡಿದು ಹೃದಯ ಒಪ್ಪದಿರುವುದು ಹೊರಸಿಪ್ಪೆ. ಹೃದಯವೂ ನಂಬಿದರೆ ಒಳಸಿಪ್ಪೆ. ಸಾಮಾನ್ಯ ಜನರ ವಿಶ್ವಾಸ ಇಲ್ಲಿಯದು, ಅದು ಅವರನ್ನು ಕಾಯುತ್ತದೆ. ನಡೆಯುವುದೆಲ್ಲ ಒಬ್ಬನಿಂದಲೇ ಎಂದು ಒಳಗಣ್ಣಿಗೆ ಕಾಣುವುದು ತಿರುಳು. ಇರುವುದನ್ನೆಲ್ಲ ನೋಡಿಯೂ ಒಬ್ಬನನ್ನೇ ಕಾಣುವುದು ಆ ತಿರುಳಿನ ಎಣ್ಣೆ. ವಿದ್ವಾಂಸರ ವಾದಕ್ಕೂ ಸೂಫಿಗಳ ಅನುಭವಕ್ಕೂ ಒಂದೇ ಏಣಿಯಲ್ಲಿ ಮೆಟ್ಟಿಲು ಕೊಟ್ಟದ್ದು ಗಝಾಲಿಯ ಹಿರಿಮೆ.

ಆ ಕೊನೆಯ ಮೆಟ್ಟಿಲಲ್ಲಿ ಸೂಫಿಗಳೊಳಗೇ ಭಿನ್ನಮತವಿತ್ತು. ಅನಾದಿಯನ್ನು ಆದಿಯುಳ್ಳದ್ದರಿಂದ ಬೇರ್ಪಡಿಸಿ ಅರಿಯುವುದೇ ತೌಹೀದ್ ಎಂದ ಜುನೈದ್ (ಮರಣ 910). ಅಂದಲೂಸಿಯಾದ ಇಬ್ನ್ ಅರಬಿಯ (1165–1240) ಬರಹಗಳಿಂದ, ನಿಜವಾಗಿ ಇರುವುದು ದೇವರೊಬ್ಬನೇ ಎಂಬ ವಹ್ದತುಲ್ ವುಜೂದ್ ಪಂಥ ಬೆಳೆಯಿತು. ಈ ವಿವಾದ ನಮ್ಮ ನಾಡಿಗೂ ಬಂದಿತ್ತು. ಬಹಮನಿ ಕಾಲದಲ್ಲಿ ಕಲಬುರಗಿಯಲ್ಲಿ ನೆಲೆಸಿದ ಖ್ವಾಜಾ ಬಂದೇ ನವಾಜ್ ಗೇಸೂದರಾಜ್ (ಮರಣ 1422) ಇಬ್ನ್ ಅರಬಿಯನ್ನು ಟೀಕಿಸಿ ಸೃಷ್ಟಿಕರ್ತನೂ ಸೃಷ್ಟಿಯೂ ಬೇರೆಬೇರೆ ಎಂಬ ನಿಲುವಿನ ಕಡೆ ನಿಂತರು. ಸರ್‌ಹಿಂದಿನ ಶೇಖ್ ಅಹ್ಮದ್ (1564–1624) ಮುಂದೆ, ಆ ಏಕತೆ ಸಾಧಕನ ಕಾಣ್ಕೆಯಲ್ಲಿದೆಯೇ ಹೊರತು ಅಸ್ತಿತ್ವದಲ್ಲಲ್ಲ ಎಂದು ವಾದಿಸಿದರು.

ದಮಾಸ್ಕಸ್ಸಿನ ಇಬ್ನ್ ತೈಮಿಯ್ಯಾ (1263–1328) ಚರ್ಚೆಯನ್ನು ಆರಾಧನೆಯ ಕಡೆಗೆ ತಿರುಗಿಸಿದ. ದೇವರನ್ನು ಸೃಷ್ಟಿಕರ್ತನೆಂದು ಒಪ್ಪಿದರೆ ಸಾಲದು, ಪ್ರಾರ್ಥನೆ, ಹರಕೆ ಎಲ್ಲವೂ ಅವನೊಬ್ಬನಿಗೇ ಸಲ್ಲಬೇಕು ಎಂಬುದು ಅವನ ಒತ್ತು. ಪ್ರಭುತ್ವದಲ್ಲಿ, ಆರಾಧನೆಯಲ್ಲಿ, ನಾಮಗುಣಗಳಲ್ಲಿ ಏಕತ್ವ ಎಂದು ಇಂದು ಅನೇಕ ಮದರಸಾಗಳಲ್ಲಿ ಕಲಿಸುವ ಮೂರು ವಿಭಾಗಗಳು ಈ ಪರಂಪರೆಯವು. ನಜ್ದ್‌ನ ಮುಹಮ್ಮದ್ ಇಬ್ನ್ ಅಬ್ದುಲ್ ವಹ್ಹಾಬ್ (1703–1792) ತನ್ನ 'ಕಿತಾಬುತ್ ತೌಹೀದ್'ನಲ್ಲಿ ಇದನ್ನೇ ಬಿಗಿಮಾಡಿದ. ಗೋರಿಗಳ ಬಳಿಯ ಬೇಡಿಕೆಯನ್ನು ಶಿರ್ಕ್ ಎಂದು ಸಾರಿದ ಅವನ ಅನುಯಾಯಿಗಳು ಅವುಗಳ ಮೇಲಿನ ಗುಮ್ಮಟಗಳನ್ನು ಕೆಡವಿದರು. ದರ್ಗಾಗಳಿಗೆ ಹೋಗುವವರು ತಾವು ವಲಿಗಳನ್ನು (ಸಂತರನ್ನು) ಪೂಜಿಸುತ್ತಿಲ್ಲ, ಅವರನ್ನು ಮುಂದಿಟ್ಟು ದೇವರನ್ನೇ ಬೇಡುತ್ತಿದ್ದೇವೆ ಎನ್ನುತ್ತಾರೆ. ಅವರ ಈ ಉತ್ತರವನ್ನು ಗಂಭೀರವಾಗಿ ಪರಿಗಣಿಸದೆ ಬರೆದ ತೌಹೀದಿನ ಚರಿತ್ರೆ ಅರೆಬರೆಯಾದದ್ದು.

ಆಧುನಿಕ ಕಾಲದ ಮುಖ್ಯ ಕೃತಿ ಈಜಿಪ್ಟಿನ ಮುಹಮ್ಮದ್ ಅಬ್ದುಹು 1897ರಲ್ಲಿ ಪ್ರಕಟಿಸಿದ 'ರಿಸಾಲತುತ್ ತೌಹೀದ್'. ಒಬ್ಬನಿಗೇ ತಲೆಬಾಗುವವನ ಬುದ್ಧಿ ಬೇರೆಲ್ಲ ದಾಸ್ಯದಿಂದ ಬಿಡುಗಡೆ ಪಡೆಯುತ್ತದೆ ಎಂಬುದು ಅದರ ತಿರುಳು. ಕುರ್‌ಆನ್ ಸೃಷ್ಟವಾದದ್ದೆಂಬ ಹಳೆಯ ವಾದಕ್ಕೆ ಒಲಿದ ಕೆಲವು ಸಾಲುಗಳು ಅದರ ಮೊದಲ ಮುದ್ರಣದಲ್ಲಿದ್ದವು. ಮುಂದಿನ ಮುದ್ರಣಗಳಲ್ಲಿ ಅವನ್ನು ಕೈಬಿಡಲಾಯಿತು.